ಸತ್ತ ಮಂಗಗಳ ಲೆಕ್ಕವಿದೆ, ಬದುಕಿರುವ ಮಂಗಗಳ ಲೆಕ್ಕ ಯಾರಲ್ಲಿದೆ?

ತರಗೆಲೆ

ಡಿಸೆಂಬರ್ ಬಂತೆಂದರೆ ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಕಾಯಂ: ಕಾಡಿನಂಚಿನಲ್ಲಿ ಮಂಗ ಸತ್ತಿದೆ, ಗ್ರಾಮಸ್ಥರಲ್ಲಿ ಆತಂಕ. ಮೇ ಕೊನೆಯವರೆಗೂ ಈ ಎಣಿಕೆ ನಡೆಯುತ್ತದೆ. ಮಳೆ ಹಿಡಿದ ಮೇಲೆ ಎಲ್ಲರೂ ಮರೆಯುತ್ತಾರೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಮಂಗಕ್ಕೂ ಮನುಷ್ಯನಿಗೂ ಬರುವ ವೈರಸ್ ಜ್ವರ, ಅಂದರೆ ಮಂಗನ ಕಾಯಿಲೆ, ಪತ್ತೆಯಾದದ್ದು 1957ರಲ್ಲಿ. ಅಂದಿನಿಂದ ಸತ್ತ ಮಂಗಗಳನ್ನು ಎಣಿಸುತ್ತಲೇ ಬಂದಿದ್ದೇವೆ. ಅದೇ ಕಾಡುಗಳಲ್ಲಿ ಬದುಕಿರುವ ಮಂಗಗಳೆಷ್ಟು ಎಂದು ಅಷ್ಟೇ ಶ್ರದ್ಧೆಯಿಂದ ಎಣಿಸುವ ಪರಿಪಾಠ ಮಾತ್ರ ನಮ್ಮಲ್ಲಿ ಬೆಳೆಯಲೇ ಇಲ್ಲ.

ಶಾಲೆಯೊಂದರಲ್ಲಿ ಇಪ್ಪತ್ತು ಮಕ್ಕಳು ನಪಾಸಾದರು ಎಂದು ಯಾರಾದರೂ ಹೇಳಿದರೆ, ಪರೀಕ್ಷೆಗೆ ಕುಳಿತವರೆಷ್ಟು ಎಂದು ತಕ್ಷಣ ಕೇಳುತ್ತೇವೆ. ಮಂಗಗಳ ವಿಷಯದಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ಇಪ್ಪತ್ತು ಮಂಗ ಸತ್ತವು ಎಂದಿಟ್ಟುಕೊಳ್ಳಿ. ಅಲ್ಲಿ ನಾನೂರು ಇದ್ದವೋ ಮೂವತ್ತೇ ಇದ್ದವೋ ಎಂಬುದರ ಮೇಲೆ ಆ ಇಪ್ಪತ್ತರ ಅರ್ಥವೇ ಬದಲಾಗುತ್ತದೆ. ಮರುವರ್ಷ ಅಲ್ಲಿ ಒಂದೂ ಸಾಯಲಿಲ್ಲ. ಸೋಂಕು ಹೋಯಿತೇ? ಬದುಕುಳಿದವಕ್ಕೆ ನಿರೋಧಕ ಶಕ್ತಿ ಬಂದಿದೆಯೇ? ಅಥವಾ ಸಾಯುವುದಕ್ಕೆ ಮಂಗಗಳೇ ಉಳಿದಿಲ್ಲವೇ? ಮೊದಲನೆಯದಾದರೆ ಊರು ನಿರಾಳವಾಗಿರಬಹುದು. ಎರಡನೆಯದಾದರೆ ಹೊಸ ಮರಿಗಳು ಹುಟ್ಟಿ ಬೆಳೆಯುವ ಹೊತ್ತಿಗೆ ಎಚ್ಚರ ಬೇಕು. ಮೂರನೆಯದಾದರೆ, ಅಪಾಯ ಬಂದಿದೆ ಎಂದು ಊರಿಗೆ ಮೊದಲು ತಿಳಿಸುತ್ತಿದ್ದ ಪ್ರಾಣಿಯನ್ನೇ ನಾವು ಕಳೆದುಕೊಂಡಿದ್ದೇವೆ. ಮುಂದಿನ ಸಲ ಮೊದಲು ಮಲಗುವುದು ಮನುಷ್ಯ.

ಕಾಡುಪ್ರಾಣಿಗಳ ಸಂಖ್ಯೆ ಮತ್ತು ಅವುಗಳ ಸೋಂಕು, ಇವೆರಡನ್ನೂ ಒಟ್ಟಿಗೆ ಅಧ್ಯಯನ ಮಾಡುವುದು ನನ್ನ ವೃತ್ತಿ. ಎಣಿಕೆ ಒಂದು ಇಲಾಖೆಯದು, ರೋಗ ಇನ್ನೊಂದು ಇಲಾಖೆಯದು ಎಂಬ ವಿಭಜನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಮಲೆನಾಡಿನವರು, ಕಾಡಿನಲ್ಲಿ ಕೆಲಸ ಮಾಡಿದವರು, ಆಸ್ಪತ್ರೆಯಲ್ಲಿ ಇರುವವರು ದಯವಿಟ್ಟು ಬರೆಯಿರಿ.

ಗದ್ದೆಬದು

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಏನಾಯಿತೆಂದು ನಮ್ಮ ಕಡೆಯವರೆಲ್ಲ ಕಂಡಿದ್ದಾರೆ. ದರಗು (ಒಣ ಎಲೆ) ಗುಡಿಸಲು, ಸೊಪ್ಪು ತರಲು, ದನ ಹುಡುಕಲು ಹೋದವರು ವಾರದೊಳಗೆ ಜ್ವರ ಬಂದು ಮಲಗಿದರು. ಕೆಲವರು ಏಳಲೇ ಇಲ್ಲ. ನಮಗೆ ಮೊದಲು ಬೇಕಾದದ್ದು ಲಸಿಕೆ. ಮಂಗಗಳನ್ನು ಎಣಿಸುವುದಕ್ಕೆ ಹಣ, ಜನ, ಜೀಪು ಎಲ್ಲ ಒದಗುತ್ತದೆ ಎಂದರೆ ಅದನ್ನು ಆಸ್ಪತ್ರೆಗೆ ಕೊಡಿ. ಅಡಿಕೆ, ಬಾಳೆ, ಏಲಕ್ಕಿ ಯಾವುದನ್ನೂ ಉಳಿಸದ ಪ್ರಾಣಿಯ ಜನಗಣತಿ ನಮಗೇಕೆ?

ಕಾನುಬಾಳೆ

ಗದ್ದೆಬದು ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸ ಮಾಡುವವಳು. ಆ ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ಮನೆ ಮನೆ ತಿರುಗಿದ್ದೇನೆ. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆ ಒಂದೇ ಡೋಸಿಗೆ ರಕ್ಷಣೆ ಕೊಡುತ್ತಿರಲಿಲ್ಲ. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ರಕ್ಷಣೆ ಶೇ 62ರ ಆಸುಪಾಸು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರ ಆಸುಪಾಸು ಎಂದು ಅಧ್ಯಯನವೇ ಹೇಳಿತ್ತು. ಚುಚ್ಚಿದ ಜಾಗದಲ್ಲಿ ವಿಪರೀತ ನೋವು. ಎರಡನೆಯ ಡೋಸಿಗೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. 2022ರಲ್ಲಿ ಅದನ್ನು ಕೊಡುವುದು ನಿಂತಿತು. ಹೊಸ ಲಸಿಕೆಗೆ ಪ್ರಯತ್ನ ನಡೆದಿದೆ.

ಆದರೆ ಲಸಿಕೆ ಇದ್ದ ಕಾಲದಲ್ಲೂ ನಮಗಿದ್ದ ಕಷ್ಟ ಬೇರೆಯೇ: ಯಾವ ಊರಿಗೆ ಮೊದಲು ಹೋಗಬೇಕು? ಮಂಗ ಸತ್ತ ಸುದ್ದಿ ಬಂದ ಮೇಲೆ ಹೊರಟರೆ ತಡ. ಎರಡನೆಯ ಡೋಸ್ ತಿಂಗಳ ನಂತರ, ಅದರ ಫಲ ಇನ್ನೂ ಆಮೇಲೆ. ಅಷ್ಟರಲ್ಲಿ ಋತುವೇ ಮುಗಿಯುತ್ತ ಬಂದಿರುತ್ತದೆ. ಯಾವ ಕಾಡಿನಲ್ಲಿ ಈ ವರ್ಷ ಅಪಾಯ ಹೆಚ್ಚು ಎಂದು ನವೆಂಬರ್‌ಗೆ ಮೊದಲೇ ಯಾರಾದರೂ ಹೇಳಿದರೆ ನಮ್ಮ ಕೆಲಸ ಅರ್ಧ ಹಗುರಾಗುತ್ತದೆ. ಆ ಮಾತು ಹೇಳಬೇಕಾದರೆ ಕಾಡಿನ ಲೆಕ್ಕ ಬೇಕೇ ಬೇಕು.

ಹಳೆಯ ಪಶುವೈದ್ಯ

ಸತ್ತ ಮಂಗದ ಲೆಕ್ಕವಾದರೂ ನೆಟ್ಟಗಿದೆ ಎಂದು ಯಾರೂ ಭಾವಿಸಬಾರದು. ಅದು ಹುಟ್ಟುವ ಬಗೆಯನ್ನು ಹತ್ತಿರದಿಂದ ಕಂಡವನು ನಾನು.

ಹೆಣ ಕಣ್ಣಿಗೆ ಬೀಳುವುದು ರಸ್ತೆ ಬದಿಯಲ್ಲಿ, ತೋಟದ ಅಂಚಿನಲ್ಲಿ, ಹಳ್ಳದ ಪಕ್ಕದಲ್ಲಿ. ಕಾಡಿನೊಳಗೆ ಸತ್ತದ್ದು ಹಂದಿ, ಉಡ, ಇರುವೆಗಳ ಪಾಲು. ಹೆಚ್ಚಿನ ಸಲ ಊರಿನವರಿಗೆ ವಾಸನೆಯಿಂದಲೇ ತಿಳಿಯುವುದು. ಅವರು ವಾಚರಿಗೆ ಹೇಳಿ, ವಾಚರ್ ಗಾರ್ಡಿಗೆ ಹೇಳಿ, ಅಲ್ಲಿಂದ ಕಚೇರಿಗೆ ಹೋಗಿ ನಮಗೆ ಫೋನ್ ಬರುವಷ್ಟರಲ್ಲಿ ಹೊಟ್ಟೆ ಉಬ್ಬಿ, ಚರ್ಮ ಸುಲಿದು, ಮಿದುಳು ನೀರಾಗಿರುತ್ತದೆ. ಅಂಥ ಹೆಣದಿಂದ ತೆಗೆದ ಮಾದರಿಯಲ್ಲಿ ವೈರಸ್ ಸಿಗದಿದ್ದರೆ ವೈರಸ್ ಇರಲಿಲ್ಲ ಎಂದು ಹೇಳಲು ಬರುವುದಿಲ್ಲ. ವರದಿಯಲ್ಲಿ ಮಾತ್ರ 'ನೆಗೆಟಿವ್' ಎಂದು ಒಂದೇ ಪದ. ಕೊಳೆತದ್ದಕ್ಕೆ ಬೇರೆ ಕಾಲಂ ಇರಬೇಕು ಎಂದು ನಾನು ಸೇವೆಯಲ್ಲಿದ್ದಷ್ಟು ಕಾಲ ವಾದಿಸಿದೆ.

ಎರಡನೆಯದು, ಮಂಗ ಸಾಯಲು ಮಂಗನ ಕಾಯಿಲೆಯೇ ಬೇಕೆಂದಿಲ್ಲ. ವಿದ್ಯುತ್ ತಂತಿ, ವಾಹನ, ನಾಯಿ, ವಿಷ, ಗಂಡುಗಳ ಕಾದಾಟ ಎಲ್ಲವೂ ಇವೆ. ಕಾಯಿಲೆಯ ಸುದ್ದಿ ಜೋರಾಗಿರುವ ವರ್ಷ ಜನ ಹುಡುಕಿ ಹುಡುಕಿ ವರದಿ ಮಾಡುತ್ತಾರೆ, ಸಂಖ್ಯೆ ಏರುತ್ತದೆ. ಸುದ್ದಿಯಿಲ್ಲದ ವರ್ಷ ಅದೇ ಹೆಣ ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಆ ಏರಿಳಿತದಲ್ಲಿ ಮಂಗದ ಪಾಲೆಷ್ಟು, ಪತ್ರಿಕೆಯ ಪಾಲೆಷ್ಟು ಎಂದು ಬಿಡಿಸುವುದೇ ಕಷ್ಟ.

ಇನ್ನೊಂದು ವಿಷಯ, ಇದನ್ನು ಓದುವ ಎಲ್ಲರೂ ನೆನಪಿಟ್ಟುಕೊಳ್ಳಿ. ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿಯುತ್ತವೆ. ಕಿವಿಯ ಹಿಂದೆ, ಕಣ್ಣುರೆಪ್ಪೆಯ ಅಂಚಿನಲ್ಲಿ, ಕಂಕುಳಲ್ಲಿ ಸಾಲಾಗಿ ಕಚ್ಚಿಕೊಂಡಿದ್ದವು ಸುತ್ತಲಿನ ತರಗೆಲೆಗೆ ಹರಡುತ್ತವೆ. ಸತ್ತ ಜಾಗದ ಸುತ್ತ 50 ಅಡಿವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ಅದಕ್ಕಾಗಿಯೇ. ಹತ್ತಿರ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆಯಬೇಡಿ, ಕೋಲಿನಿಂದ ಹೊರಳಿಸಬೇಡಿ. ದೂರದಿಂದ ಜಾಗ ಗುರುತು ಮಾಡಿಕೊಂಡು ತಿಳಿಸಿ.

ತರಗೆಲೆ

ಡಾಕ್ಟರ್ ಅವರೇ, ನೀವು ಹೇಳಿದ್ದಕ್ಕೆ ಜಗತ್ತಿನಲ್ಲೇ ಅತ್ಯಂತ ಕಹಿಯಾದ ಪುರಾವೆ ಕಾಂಗೋ ಗಣರಾಜ್ಯದ ಲೋಸಿ ಕಾಡಿನಿಂದ ಬಂದಿದೆ. ಅಲ್ಲಿ ಸಂಶೋಧಕರು ಗೊರಿಲ್ಲಾಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಒಂದೊಂದನ್ನೂ ಮುಖ ನೋಡಿ ಗುರುತಿಸುವಷ್ಟು ಬಲ್ಲವರಾಗಿದ್ದರು. 2002ರ ಅಕ್ಟೋಬರ್‌ನಿಂದ 2003ರ ಜನವರಿಯೊಳಗೆ, ಗುರುತಿದ್ದ 143 ಗೊರಿಲ್ಲಾಗಳಲ್ಲಿ 130 ಕಾಣೆಯಾದವು. ಎಬೋಲಾ. ಆ ಹೊತ್ತಿನಲ್ಲಿ ಕಾಡಿನಲ್ಲಿ ಸಿಕ್ಕ ಹೆಣಗಳು ಮೂವತ್ತರ ಆಸುಪಾಸು ಅಷ್ಟೇ, ಪರೀಕ್ಷೆಗೆ ಯೋಗ್ಯವಾಗಿದ್ದವು ಅದಕ್ಕಿಂತಲೂ ಕಡಿಮೆ. ಬದುಕಿದ್ದವುಗಳ ಪಟ್ಟಿ ಇರದಿದ್ದರೆ, 'ಕೆಲವು ಗೊರಿಲ್ಲಾಗಳು ಸತ್ತಿವೆ' ಎಂದು ಒಂದು ಸಾಲಿನ ವರದಿ ಬರುತ್ತಿತ್ತು. ಪಟ್ಟಿ ಇದ್ದುದರಿಂದ, ಆ ಪ್ರದೇಶದಲ್ಲಿ ಸುಮಾರು 5,000 ಗೊರಿಲ್ಲಾಗಳು ಸತ್ತಿರಬೇಕು ಎಂಬ ಅಂದಾಜು ಸಾಧ್ಯವಾಯಿತು.

ಮನುಷ್ಯರ ಆರೋಗ್ಯಕ್ಕೆ ಇದರಿಂದೇನು ಲಾಭ ಎನ್ನುವ ಗದ್ದೆಬದು ಅವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 1993ರ ಬೇಸಿಗೆಯ ಹೊತ್ತಿಗೆ ಅಮೆರಿಕದ ನೈಋತ್ಯ ಭಾಗದಲ್ಲಿ, ನಾಲ್ಕು ರಾಜ್ಯಗಳ ಗಡಿ ಕೂಡುವಲ್ಲಿ, ಆರೋಗ್ಯವಾಗಿದ್ದ ಯುವಕರು ಉಸಿರು ಕಟ್ಟಿ ಸಾಯತೊಡಗಿದರು. ಅದು ಡಿಯರ್ ಮೌಸ್ ಎಂಬ ಇಲಿ ಹೊತ್ತಿದ್ದ ಹ್ಯಾಂಟಾವೈರಸ್ ಎಂದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಈ ವರ್ಷವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು, ಯಾವ ರೋಗದ ಯೋಚನೆಯೂ ಇಲ್ಲದೆ ನ್ಯೂ ಮೆಕ್ಸಿಕೊದ ಸೆವಿಯೆಟಾದಲ್ಲಿ ಪ್ರತಿ ವರ್ಷ ಇಲಿ ಹಿಡಿದು ಎಣಿಸುತ್ತಿದ್ದ ಪರಿಸರ ವಿಜ್ಞಾನಿಗಳು. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೋದಿಂದ ಮಳೆ ಹೆಚ್ಚಾಗಿ, ಕಾಳು ಬೀಜ ಸಮೃದ್ಧವಾಗಿ, ಇಲಿಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು ಹತ್ತು ಪಟ್ಟು ಏರಿದ್ದು ಅವರ ದಾಖಲೆಯಲ್ಲಿತ್ತು. ರೋಗ ಬಂದ ಮೇಲೆ ಎಣಿಕೆ ಆರಂಭಿಸಿದ್ದರೆ ಹಿಂದಿನ ವರ್ಷಗಳ ಅಂಕಿಗಳನ್ನು ಎಲ್ಲಿಂದ ತರಬೇಕಿತ್ತು?

ನೀರಟ್ಟೆ

ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಮಂಗಗಳು ಮರದಿಂದ ಮರಕ್ಕೆ ಜಿಗಿಯುತ್ತವೆ, ಒಂದನ್ನೇ ಎರಡು ಸಲ ಎಣಿಸಬಹುದು, ಎಲೆಗಳ ಮರೆಯಲ್ಲಿ ಇರುವವು ತಪ್ಪಿಹೋಗಬಹುದು. ಹಾಗಿರುವಾಗ ದಟ್ಟ ಕಾಡಿನಲ್ಲಿ ಎಣಿಸುವುದು ಹೇಗೆ? ಇಲಿಗಳದ್ದಾದರೂ ಬೋನು ಇಡಬಹುದು.

ಬೀಟು ನಡೆದವನು

ತಂಗಿ, ಎಲ್ಲವನ್ನೂ ಎಣಿಸುತ್ತೇವೆ ಎಂದು ಹೊರಟರೆ ಸೋಲು ಖಚಿತ. ಎಣಿಸಿದ್ದರಿಂದ ಎಣಿಸದೆ ಉಳಿದದ್ದನ್ನು ಅಂದಾಜು ಮಾಡುವುದೇ ಇದರ ಶಾಸ್ತ್ರ. ನಾನು ಅರಣ್ಯ ರಕ್ಷಕನಾಗಿದ್ದಾಗ ಲೈನ್ ಟ್ರಾನ್ಸೆಕ್ಟ್ (ನೇರ ಗೆರೆಯಲ್ಲಿ ನಡೆದು ಎಣಿಸುವ) ತರಬೇತಿ ಪಡೆದು ನಡೆದವನು. ನಾಗರಹೊಳೆಯಲ್ಲಿ ಹುಲಿಯ ಬೇಟೆಪ್ರಾಣಿಗಳನ್ನು ಅಂದಾಜು ಮಾಡಲು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ರೂಢಿಗೆ ತಂದದ್ದು ಇದೇ ವಿಧಾನ.

ಕಾಡಿನಲ್ಲಿ ಮೊದಲೇ ನೇರ ಗೆರೆ ಹಾಕಿರುತ್ತಾರೆ. ಅದು ದಾರಿಯ ಮೇಲೆ ಇರಬಾರದು. ದಾರಿಯಂಚಿನ ಕಾಡು ಬೇರೆ, ಒಳಗಿನ ಕಾಡು ಬೇರೆ. ಬೆಳಗಿನ ಜಾವ ಇಬ್ಬರು, ಮಾತಿಲ್ಲದೆ, ಗಂಟೆಗೆ ಒಂದೆರಡು ಕಿಲೋಮೀಟರ್ ವೇಗದಲ್ಲಿ ನಡೆಯಬೇಕು. ಗುಂಪು ಕಂಡಾಗ ನಿಂತು ಮೂರು ಸಂಗತಿ ಬರೆದುಕೊಳ್ಳಬೇಕು: ಎಷ್ಟಿವೆ, ಎಷ್ಟು ದೂರ, ಗೆರೆಯಿಂದ ಯಾವ ಕೋನದಲ್ಲಿ. ದೂರ ಅಳೆಯಲು ರೇಂಜ್ ಫೈಂಡರ್, ಕೋನಕ್ಕೆ ದಿಕ್ಸೂಚಿ. ಗೆರೆಯ ಹತ್ತಿರದ ಗುಂಪುಗಳು ಹೆಚ್ಚು ಕಾಣುತ್ತವೆ, ದೂರ ಹೋದಂತೆ ಕಡಿಮೆಯಾಗುತ್ತವೆ. ಎಷ್ಟು ವೇಗವಾಗಿ ಕಡಿಮೆಯಾಗುತ್ತವೆ ಎಂಬುದರಿಂದಲೇ ನಮ್ಮ ಕಣ್ಣಿಗೆ ತಪ್ಪಿಹೋದವು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. ಒಂದು ಜಾತಿಗೆ 60ರಿಂದ 80 ಸಲವಾದರೂ ಗುಂಪು ಕಂಡಿರಬೇಕು, ಇಲ್ಲದಿದ್ದರೆ ಆ ಲೆಕ್ಕಕ್ಕೆ ಬಲವಿಲ್ಲ.

ಕಷ್ಟ ಇರುವುದು ಮಂಗದ ಸ್ವಭಾವದಲ್ಲಿ. ಮುಸಿಯ (ಕಪ್ಪು ಮೂತಿಯ ಮಂಗ) ನಮ್ಮನ್ನು ಮೊದಲು ನೋಡಿ ಎಚ್ಚರಿಕೆಯ ಕೂಗು ಹಾಕಿ ಗೆರೆಯಿಂದ ದೂರ ಸರಿದುಬಿಟ್ಟರೆ, ಸರಿದ ಮೇಲಿನ ದೂರ ಬರೆದರೆ ಲೆಕ್ಕ ಕೆಡುತ್ತದೆ. ಮೊದಲು ಕಂಡ ಜಾಗಕ್ಕೇ ದೂರ ಅಳೆಯಬೇಕು. ಕೆಂಪು ಮೂತಿಯ ಮಂಗವೋ ಕಾಡಿಗಿಂತ ರಸ್ತೆ ಬದಿಯಲ್ಲಿ ಹೆಚ್ಚು. ಜನ 'ಮಂಗಗಳು ಮಿತಿಮೀರಿವೆ' ಎನ್ನುವುದು ಆ ರಸ್ತೆ ಬದಿಯ ಗುಂಪುಗಳನ್ನು ನೋಡಿಯೇ. ಮೈಸೂರು ಸುತ್ತಲಿನ ಹೆದ್ದಾರಿಗಳಲ್ಲಿ 1989ರಿಂದ ಅದೇ ಅದೇ ದಾರಿಗಳಲ್ಲಿ ಎಣಿಸುತ್ತ ಬಂದ ವಿಜ್ಞಾನಿಗಳು ಕಂಡದ್ದು ಬೇರೆ: ಸುಮಾರು 25 ವರ್ಷಗಳಲ್ಲಿ ಅಲ್ಲಿನ ಕೆಂಪು ಮೂತಿಯ ಮಂಗಗಳು ಶೇ 65ಕ್ಕೂ ಹೆಚ್ಚು ಕಡಿಮೆಯಾಗಿವೆ. ರಸ್ತೆ ಅಗಲವಾಗಿ ಸಾಲುಮರದ ಆಲ, ಅತ್ತಿಗಳು ಹೋದವು, ಮಂಗಗಳೂ ಹೋದವು. ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ ಅದು.

ಗದ್ದೆಬದು

ಶೇ 65 ಕಡಿಮೆಯಾದವುಗಳಲ್ಲಿ ಉಳಿದದ್ದೆಲ್ಲ ನಮ್ಮ ತೋಟಕ್ಕೇ ಬಂದಿರಬೇಕು. ಇರಲಿ. ಹಾಗಾದರೆ ಊರಿನ ಸುತ್ತಲಿನ ಮಂಗಗಳನ್ನು ಹಿಡಿದು ದೂರದ ದಟ್ಟ ಕಾಡಿಗೆ ಬಿಟ್ಟರೆ ಮಂಗಕ್ಕೂ ಒಳ್ಳೆಯದು, ನಮಗೂ ಒಳ್ಳೆಯದು ಅಲ್ಲವೇ? ಮಂಗವಿಲ್ಲದ ಕಡೆ ಮಂಗನ ಕಾಯಿಲೆ ಹೇಗೆ ಬರುತ್ತದೆ?

ತರಗೆಲೆ

ಈ ಪ್ರಶ್ನೆ ಎಲ್ಲ ಸಭೆಗಳಲ್ಲೂ ಬರುತ್ತದೆ, ಬರಬೇಕಾದದ್ದೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವೈರಸ್ಸಿನ ಮನೆ ಮಂಗವಲ್ಲ, ಉಣುಗು. ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಇದರಲ್ಲಿ ಮುಖ್ಯವಾದದ್ದು. ಮಳೆಗಾಲದಲ್ಲಿ ದನ, ಕಡವೆಯಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿದ ಹೆಣ್ಣು ತರಗೆಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಮಳೆ ಮುಗಿಯುವ ಹೊತ್ತಿಗೆ ಮರಿಗಳು ಹೊರಬಂದು ಕಾಡಿಲಿ, ಸುಂಡಿಲಿ, ನೆಲದ ಹಕ್ಕಿಗಳ ಮೈಗೆ ಹತ್ತುತ್ತವೆ. ಅಲ್ಲಿ ಸೋಂಕು ಸಿಕ್ಕಿದರೆ, ಪೊರೆ ಬಿಟ್ಟು ಮುಂದಿನ ಹಂತಕ್ಕೆ ಬೆಳೆದ ಮೇಲೂ ವೈರಸ್ ಅದರೊಳಗೇ ಉಳಿಯುತ್ತದೆ. ಆ ಎರಡನೆಯ ಹಂತದ ಒಂದೆರಡು ಮಿಲಿಮೀಟರಿನ ಉಣುಗೇ ಡಿಸೆಂಬರ್‌ನಿಂದ ಮೇವರೆಗೆ ಮಂಗವನ್ನೂ ನಮ್ಮನ್ನೂ ಕಚ್ಚುವುದು. ಮಂಗದ ರಕ್ತದಲ್ಲಿ ವೈರಸ್ ವಿಪರೀತ ವೃದ್ಧಿಯಾಗುವುದರಿಂದ ಒಂದೇ ಮಂಗ ನೂರಾರು ಉಣುಗುಗಳಿಗೆ ಸೋಂಕು ಹತ್ತಿಸಬಲ್ಲದು. ಮನುಷ್ಯನಲ್ಲಿ ಆ ಸರಪಳಿ ನಿಲ್ಲುತ್ತದೆ. ನಮ್ಮಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಈಗ ನೀವು ಒಂದು ಗುಂಪನ್ನು ಹಿಡಿದು ಇನ್ನೊಂದು ಕಾಡಿಗೆ ಬಿಟ್ಟಿರಿ. ಅವುಗಳಲ್ಲಿ ಒಂದಕ್ಕೆ ಸೋಂಕಿದ್ದರೆ, ವೈರಸ್ ಮತ್ತು ಉಣುಗು ಎರಡನ್ನೂ ಲಾರಿಯಲ್ಲಿ ಹೊಸ ಊರಿಗೆ ತಲುಪಿಸಿದಂತಾಯಿತು. ಈ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ, ಮರುವರ್ಷ ವಯನಾಡಿನಲ್ಲಿ, 2015ರಲ್ಲಿ ಗೋವಾದಲ್ಲಿ, 2016ರಲ್ಲಿ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿದೆ. ಇಂಥ ಹೊತ್ತಿನಲ್ಲಿ ಪ್ರಾಣಿಗಳನ್ನು ಸ್ಥಳಾಂತರಿಸುವುದು ಬೆಂಕಿಯ ಜೊತೆ ಸರಸ. ಇತ್ತ ಖಾಲಿಯಾದ ಜಾಗವೂ ಖಾಲಿ ಉಳಿಯುವುದಿಲ್ಲ. ಪಕ್ಕದ ಗುಂಪುಗಳು ಬರುತ್ತವೆ, ಹೊಸ ಗಡಿಗಾಗಿ ಕಾದಾಡುತ್ತವೆ, ಅಲೆದಾಟ ಹೆಚ್ಚುತ್ತದೆ.

ಇಂಗ್ಲೆಂಡಿನಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು. ಹಸುಗಳಿಗೆ ಕ್ಷಯ ಹರಡುತ್ತದೆಂದು ಬ್ಯಾಜರ್ ಎಂಬ ಪ್ರಾಣಿಯನ್ನು ಕೆಲವು ಪ್ರದೇಶಗಳಲ್ಲಿ ಕೊಂದು, ಕೆಲವು ಪ್ರದೇಶಗಳಲ್ಲಿ ಹಾಗೆಯೇ ಬಿಟ್ಟು 1998ರಿಂದ 2005ರವರೆಗೆ ಹೋಲಿಸಿದರು. ವಿಸ್ತಾರವಾಗಿ ಕೊಂದ ಪ್ರದೇಶದ ಒಳಗೆ ಹಸುಗಳ ಕ್ಷಯ ತಗ್ಗಿತು, ಅದರ ಸುತ್ತಲಿನ ಅಂಚಿನಲ್ಲಿ ಏರಿತು. ರೋಗ ಕಂಡಲ್ಲಷ್ಟೇ ಕೊಲ್ಲುವ ಕ್ರಮದಿಂದ ರೋಗ ಹೆಚ್ಚುತ್ತಿದೆ ಎಂದು ಕಂಡು 2003ರಲ್ಲೇ ಅದನ್ನು ನಿಲ್ಲಿಸಿದರು. ಉಳಿದ ಬ್ಯಾಜರ್‌ಗಳ ಓಡಾಟ ಬದಲಾದದ್ದೇ ಕಾರಣ. ಹೋಲಿಸಿ ನೋಡದೆ ಇದ್ದಿದ್ದರೆ, ಕೊಂದದ್ದು ಸಾಲದು ಎಂದು ಇನ್ನಷ್ಟು ಕೊಲ್ಲುತ್ತಿದ್ದರು.

ನೀರಟ್ಟೆ

ಹಾಗಾದರೆ ಇಲಿಗಳ ಅಧ್ಯಯನವೂ ಅಷ್ಟೇ ಮುಖ್ಯವಾಯಿತಲ್ಲ? ಅದರ ಬಗ್ಗೆ ಯಾರೂ ಮಾತನಾಡುವುದೇ ಇಲ್ಲ.

ಸುಂಡಿಲಿ

ನನ್ನ ಕೆಲಸವೇ ಅದು. ಸಂಜೆ ಕತ್ತಲಾಗುವ ಮೊದಲು ಅಲ್ಯೂಮಿನಿಯಂ ಬೋನುಗಳನ್ನು ಸಮ ಅಂತರದಲ್ಲಿ ಸಾಲು ಸಾಲಾಗಿ ಇಡುತ್ತೇವೆ, ಒಳಗೆ ಒಂದು ಚೂರು ಕೊಬ್ಬರಿ. ಬಿಸಿಲೇರುವ ಮೊದಲು ನೋಡಲೇಬೇಕು, ತಡವಾದರೆ ಪ್ರಾಣಿ ಸಾಯುತ್ತದೆ. ಬಿದ್ದದ್ದನ್ನು ಬಟ್ಟೆಯ ಚೀಲಕ್ಕೆ ಇಳಿಸಿ ತೂಗಿ, ಲಿಂಗ ನೋಡಿ, ಕಿವಿಯ ಸಂದಿಯಲ್ಲಿ ಚಿಮುಟದಿಂದ ಉಣುಗು ತೆಗೆದು ಸೀಸೆಗೆ ಹಾಕಿ, ಒಂದು ಹನಿ ರಕ್ತ ಪಡೆದು, ಸಂಖ್ಯೆಯ ಗುರುತು ಹಾಕಿ ಹಿಡಿದ ಜಾಗದಲ್ಲೇ ಬಿಡುತ್ತೇವೆ. ಇಷ್ಟೂ ಹೊತ್ತು ಕೈಗವಸು, ಮುಖಗವಸು, ಬಿಳಿ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಬಿಳಿಯ ಮೇಲೆ ಉಣುಗು ಹರಿದರೆ ತಕ್ಷಣ ಕಾಣುತ್ತದೆ.

ಸಂಖ್ಯೆಯ ಅಂದಾಜು ಬರುವುದು ಎರಡನೆಯ ಸುತ್ತಿನಲ್ಲಿ. ಮೊದಲ ಸಲ 50ಕ್ಕೆ ಗುರುತು ಹಾಕಿ ಬಿಟ್ಟೆವು, ಎರಡನೆಯ ಸಲ 40 ಸಿಕ್ಕವು, ಅವುಗಳಲ್ಲಿ 10ಕ್ಕೆ ಗುರುತಿತ್ತು ಎನ್ನೋಣ. ಸಿಕ್ಕವುಗಳಲ್ಲಿ ಕಾಲು ಭಾಗಕ್ಕೆ ಗುರುತಿದ್ದರೆ ಒಟ್ಟಿನಲ್ಲೂ ಕಾಲು ಭಾಗಕ್ಕೇ ಇರಬೇಕು. ಹಾಗಾಗಿ ಒಟ್ಟು ಸುಮಾರು 200. ಇದು ಸರಳ ರೂಪ. ಕೊಬ್ಬರಿಯ ರುಚಿ ಹತ್ತಿದ ಇಲಿ ಮತ್ತೆ ಮತ್ತೆ ಬೀಳುತ್ತದೆ, ಒಮ್ಮೆ ಹೆದರಿದ್ದು ಹತ್ತಿರವೂ ಸುಳಿಯುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸುವ ಗಣಿತ ಈಗ ಇದೆ.

ನೀರಟ್ಟೆ, ನೀವು ಈ ಕ್ಷೇತ್ರಕ್ಕೆ ಬರುವುದಾದರೆ ಇದನ್ನು ಗಮನದಲ್ಲಿಡಿ: ಕಾಯಿಲೆ ಬಿದ್ದ ಪ್ರಾಣಿ ಬೋನಿಗೆ ಬೀಳುವ ಸಂಭವ ಆರೋಗ್ಯವಂತ ಪ್ರಾಣಿಯಷ್ಟೇ ಇರಬೇಕೆಂದಿಲ್ಲ. ಹಸಿದು ಸೋತದ್ದು ಬೇಗ ಬೀಳಬಹುದು, ಏಳಲಾಗದ್ದು ಬೀಳದೆಯೇ ಇರಬಹುದು. ಆದ್ದರಿಂದ ಸಿಕ್ಕವುಗಳಲ್ಲಿ ಶೇಕಡಾ ಇಷ್ಟಕ್ಕೆ ಸೋಂಕು ಎಂದರೆ ಕಾಡಿನಲ್ಲೂ ಅಷ್ಟೇ ಎಂದಲ್ಲ. ರಕ್ತದಲ್ಲಿ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಅಂಶ) ಸಿಕ್ಕರೂ ಅದು ಹಿಂದೆ ಎಂದೋ ತಗುಲಿದ ಸೋಂಕನ್ನು ಹೇಳುತ್ತದೆ. ಇಂದು ವೈರಸ್ ಇದೆಯೇ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಉಣುಗಿನ ಲೆಕ್ಕಕ್ಕೆ ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆಯುತ್ತೇವೆ, ಕೆಲವು ಮೀಟರಿಗೊಮ್ಮೆ ಮಗುಚಿ ಹತ್ತಿದವನ್ನು ಎಣಿಸುತ್ತೇವೆ. ಇಬ್ಬನಿ ಆರುವ ಮೊದಲು ಎಳೆದರೆ ಒದ್ದೆ ಬಟ್ಟೆಗೆ ಉಣುಗು ಹತ್ತುವುದಿಲ್ಲ, ಆ ದಿನದ ಅಂಕಿಗೆ ಬೆಲೆಯಿಲ್ಲ.

ಹಳೆಯ ಪಶುವೈದ್ಯ

ಸುಂಡಿಲಿ ಅವರು ಪ್ರತಿಕಾಯದ ಮಾತು ಎತ್ತಿದ್ದರಿಂದ ನಮ್ಮ ವೃತ್ತಿಯ ಒಂದು ದೊಡ್ಡ ಗೆಲುವನ್ನು ಹೇಳಬೇಕು. ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಹಿಂಡಾಗಿ ಮೇಯುವ ವೈಲ್ಡ್‌ಬೀಸ್ಟ್‌ಗಳ ಮರಿಗಳು ಪ್ರತಿ ವರ್ಷ ಅದರಿಂದ ಸಾಯುತ್ತಿದ್ದವು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದರು, ಕಾಡುಪ್ರಾಣಿಯನ್ನು ಮುಟ್ಟಲಿಲ್ಲ. ಆಮೇಲೆ ವಯಸ್ಸಿನ ಪ್ರಕಾರ ರಕ್ತ ಪರೀಕ್ಷಿಸಿದಾಗ, 1963ರ ನಂತರ ಹುಟ್ಟಿದವುಗಳಲ್ಲಿ ಪ್ರತಿಕಾಯವೇ ಇರಲಿಲ್ಲ. ಸೋಂಕು ದನಗಳಿಂದ ಕಾಡಿಗೆ ಹೋಗುತ್ತಿತ್ತು, ಕಾಡಿನಲ್ಲಿ ತಾನಾಗಿ ಉಳಿಯುತ್ತಿರಲಿಲ್ಲ ಎಂದು ಅದರಿಂದ ತಿಳಿಯಿತು. ಅತ್ತ ವಿಮಾನದಿಂದ ಚಿತ್ರ ತೆಗೆದು ಎಣಿಸುತ್ತಿದ್ದವರ ಲೆಕ್ಕದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಹಿಂಡು 1970ರ ದಶಕದ ಕೊನೆಗೆ 13 ಲಕ್ಷಕ್ಕೆ ಏರಿತ್ತು. ರಕ್ತದ ಲೆಕ್ಕ, ತಲೆಯ ಲೆಕ್ಕ ಎರಡೂ ಒಂದೇ ಮಾತು ಹೇಳಿದವು. 2011ರಲ್ಲಿ ಆ ರೋಗ ಭೂಮಿಯ ಮೇಲಿಂದಲೇ ನಿರ್ಮೂಲವಾಯಿತೆಂದು ಘೋಷಿಸಿದರು.

ನಮ್ಮ ಕೊಟ್ಟಿಗೆಗೂ ಈ ಪಾಠ ಅನ್ವಯಿಸುತ್ತದೆ. ದನಕ್ಕೆ ಮಂಗನ ಕಾಯಿಲೆ ಬರುವುದಿಲ್ಲವೆಂದು ನಾವು ಅದನ್ನು ಮರೆತುಬಿಡುತ್ತೇವೆ. ಬೆಳೆದ ಉಣುಗನ್ನು ಸಾಕುವುದು ಅದೇ, ಕಾಡಿನಿಂದ ಕೊಟ್ಟಿಗೆಗೆ ತರುವುದೂ ಅದೇ. ಕಾಡಿಗೆ ಬಿಡುವ ದನಗಳ ಮೈಯನ್ನು ಮಳೆಗಾಲದಲ್ಲಿ ನೋಡಿ ಉಣುಗಿನ ಔಷಧ ಹಾಕುವುದಕ್ಕೆ ಯಾವ ಲಸಿಕೆಗೂ ಕಾಯಬೇಕಿಲ್ಲ.

ಕಾನುಬಾಳೆ

ಬದುಕಿರುವ ಮಂಗಗಳ ರಕ್ತ ತೆಗೆಯುವುದು ಹೇಗೆ? ಅರಿವಳಿಕೆ, ಅನುಮತಿ, ಅಪಾಯ ಎಲ್ಲ ಇವೆಯಲ್ಲ?

ತರಗೆಲೆ

ಹೌದು, ಅದಕ್ಕಾಗಿಯೇ ಮುಟ್ಟದೆ ತಿಳಿಯುವ ದಾರಿಗಳ ಮೇಲೆ ನನಗೆ ಹೆಚ್ಚು ಭರವಸೆ. ಎಚ್ಐವಿಯ ಮೂಲವಾದ ವೈರಸ್ ಆಗ್ನೇಯ ಕ್ಯಾಮರೂನಿನ ಚಿಂಪಾಂಜಿಗಳಲ್ಲಿದೆ ಎಂದು 2006ರಲ್ಲಿ ಕಂಡುಕೊಂಡದ್ದು ಕಾಡಿನ ನೆಲದಿಂದ ಆಯ್ದ ಹಿಕ್ಕೆಯಿಂದ. ಒಂದು ಚಿಂಪಾಂಜಿಯನ್ನೂ ಹಿಡಿಯಲಿಲ್ಲ. ಪ್ರತಿ ವೈರಸ್ಸಿಗೂ ಹಿಕ್ಕೆ ಒಗ್ಗುವುದಿಲ್ಲ, ಆದರೆ ಮಂಗ ಎಣಿಸುವ ಕೆಲಸಕ್ಕಂತೂ ಯಾವ ಅರಿವಳಿಕೆಯೂ ಬೇಡ.

1957ರ ನಂತರದ ಕೆಲವು ವರ್ಷಗಳನ್ನು ನೆನೆದರೆ ನನಗೆ ಆಸೆ ಹುಟ್ಟುತ್ತದೆ. ಮಂಗಗಳು ಸಾಯುತ್ತಿರುವುದನ್ನು ಕಂಡು ಹಳದಿ ಜ್ವರ ಏಷ್ಯಾಕ್ಕೆ ಬಂತೇ ಎಂದು ಗಾಬರಿಯಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ವೈರಸ್ ರಷ್ಯಾದ ಉಣುಗು ಜ್ವರದ ಬಂಧು ಎಂದು ತಿಳಿದಾಗ, ಸೈಬೀರಿಯಾದಿಂದ ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಅನುಮಾನ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳಿಗೆ ಬಳೆ ತೊಡಿಸುವ ಅಧ್ಯಯನ ಆರಂಭಿಸಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿ, ಇಲಿ, ಉಣುಗು, ಮಂಗ, ಮನುಷ್ಯ ಎಲ್ಲರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದ ಕಾಲ ಅದು. ಆ ವಿಶಾಲ ನೋಟವನ್ನು ನಾವು ಕೈಬಿಟ್ಟಿದ್ದೇಕೆ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಗದ್ದೆಬದು

ಸರಿ, ಲಸಿಕೆಯ ಬೇಡಿಕೆಯನ್ನು ನಾನು ಬಿಡುವುದಿಲ್ಲ. ಆದರೆ ನವೆಂಬರ್‌ಗೆ ಮೊದಲೇ ಎಚ್ಚರಿಕೆ ಸಿಗುವುದಾದರೆ ಎಣಿಸಲು ನಾವೂ ಬರುತ್ತೇವೆ. ತೋಟಕ್ಕೆ ಬರುವ ಗುಂಪುಗಳು ನಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಬಾಲ ತುಂಡಾದ ಗಂಡು ಯಾವ ಗುಂಪಿನದು, ಯಾವ ತಿಂಗಳು ಎಷ್ಟು ಮರಿ ಬಂದವು ಎಂದು ನಮ್ಮ ಮನೆಯ ಹೆಂಗಸರೂ ಹೇಳುತ್ತಾರೆ. ಏನು ಬರೆದಿಡಬೇಕು, ಹೇಳಿ.

ಬೀಟು ನಡೆದವನು

ಇದೇ ಬೇಕಾಗಿದ್ದದ್ದು! ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಿಂದ ನೋಡಿ. ಗುಂಪು ರಸ್ತೆಯನ್ನೋ ಬಯಲನ್ನೋ ದಾಟುವಾಗ ಎಣಿಸಿದರೆ ತಪ್ಪು ಕಡಿಮೆ. ಮುಸಿಯವೋ ಕೆಂಪು ಮೂತಿಯದೋ, ದೊಡ್ಡ ಗಂಡು ಎಷ್ಟು, ಹೆಣ್ಣು ಎಷ್ಟು, ಮರಿ ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಮುಸಿಯದ ಹೊಸ ಮರಿ ಕಪ್ಪು ಮೈಯದು, ಗುರುತಿಸುವುದು ಸುಲಭ. ಗುಂಪು ಕಾಣದ ತಿಂಗಳು 'ಕಾಣಲಿಲ್ಲ' ಎಂದು ಬರೆಯುವುದನ್ನು ಮಾತ್ರ ತಪ್ಪಿಸಬೇಡಿ. ಖಾಲಿ ಬಿಟ್ಟರೆ ನೋಡಲು ಹೋಗಲಿಲ್ಲವೋ, ಹೋದಾಗ ಮಂಗವಿರಲಿಲ್ಲವೋ ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಗದ್ದೆಬದು

ನಮ್ಮಲ್ಲಿ ಹೊಳೆಯ ಎರಡೂ ದಡಗಳಲ್ಲಿ ಮುಸಿಯ ಕಾಣುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ದಾಟುತ್ತವೆ ಎಂದು ಕೆಲವರು ಹೇಳುತ್ತಾರೆ. ಒಂದು ಗುಂಪೋ ಎರಡೋ?

ತರಗೆಲೆ

ಈಚೆ ದಡದಲ್ಲಿ ನೀವು, ಆಚೆ ದಡದಲ್ಲಿ ಇನ್ನೊಬ್ಬರು ಒಂದೇ ದಿನ ಒಂದೇ ಹೊತ್ತಿಗೆ ನಿಂತು ಬರೆಯಿರಿ. ಎರಡೂ ಕಡೆ ಒಟ್ಟಿಗೆ ಕಂಡರೆ ಸದ್ಯಕ್ಕೆ ಎರಡು ಗುಂಪು ಎಂದೇ ದಾಖಲಿಸಿ. ಬೇಸಿಗೆಯಲ್ಲಿ ಬಾಲ ತುಂಡಾದ ಆ ಗಂಡು ಯಾವ ದಡದಲ್ಲಿದೆ ಎಂದು ಗಮನಿಸಿ. ಪುಸ್ತಕಕ್ಕೆ ಬೇಕಾದ ಕಾಲಂಗಳನ್ನು ನಾಳೆ ಇಲ್ಲಿಯೇ ಹಾಕುತ್ತೇನೆ. ಕಾನುಬಾಳೆ ಮೇಡಂ, ಜ್ವರದ ಪ್ರಕರಣ ಬಂದಾಗ ಆ ವ್ಯಕ್ತಿ ಕಳೆದ ಹತ್ತು ದಿನಗಳಲ್ಲಿ ಯಾವ ಕಾಡಿಗೆ ಹೋಗಿದ್ದರು ಎಂಬುದನ್ನು ಊರಿನ ಹೆಸರಿನ ಬದಲು ಕಾಡಿನ ಹೆಸರಿನಲ್ಲಿ ಬರೆದುಕೊಳ್ಳಲು ಸಾಧ್ಯವೇ? ಹಾಗಾದರೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಬಹುದು.

ಕಾನುಬಾಳೆ

ಸಾಧ್ಯ. ಈ ಋತುವಿನಿಂದಲೇ ಬರೆಯುತ್ತೇನೆ.